ಶಿಶ್ನದ ಉದ್ದ: ಅಳೆಯುವುದು ಹೇಗೆ, ಸರಾಸರಿ ಎಷ್ಟು, ಚಿಂತೆ ಎಲ್ಲಿ ದಾರಿ ತಪ್ಪುತ್ತದೆ

"ನರ ವೀಕ್ ಆಗ್ಯಾವ್ರಿ, ಟಾನಿಕ್ ಏನರ ಬರದು ಕೊಡ್ರಿ." ಬೆಳಗಾವಿ, ಬಾಗಲಕೋಟೆ, ವಿಜಯಪುರದ ದವಾಖಾನೆಗಳಲ್ಲಿ ಗಂಡಸರ ಮಾತು ಹೀಗೆ ಶುರುವಾಗುತ್ತದೆ. ಚೀಟಿ ಕೈಗೆ ಬಂದು, ಕುರ್ಚಿ ಬಿಟ್ಟೆದ್ದು, ಬಾಗಿಲ ತನಕ ಹೋದ ಮೇಲೆ ಅಸಲು ಪ್ರಶ್ನೆ ಹೊರಗೆ ಬರುತ್ತದೆ: "ಮತ್ತ... ನಂದು ಸಣ್ಣದೈತಿ ಅನಸ್ತೈತ್ರಿ. ನಡಿತೈತೇನ್ರಿ?" ಹೀಗೆ ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಮದುವೆ ಗೊತ್ತಾದವರಿದ್ದಾರೆ, ಎರಡು ಮಕ್ಕಳ ತಂದೆಯರೂ ಇದ್ದಾರೆ. ಪರೀಕ್ಷೆ ಮಾಡಿದರೆ ಬಹುತೇಕ ಎಲ್ಲರದೂ ಸಾಮಾನ್ಯ ಅಳತೆಯೇ. ಹಾಗಾದರೆ ಸಣ್ಣದು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೇಗೆ? ಅಳೆದ ಜಾಗ ತಪ್ಪು, ಅಳೆದ ಹೊತ್ತು ತಪ್ಪು, ಯಾವುದಕ್ಕೆ ಹೋಲಿಸಿದರೋ ಅದಂತೂ ಪೂರ್ತಿ ತಪ್ಪು. ಆದ್ದರಿಂದ ಮೊದಲು ಅಳತೆಯ ಮಾತನ್ನೇ ಆಡೋಣ.

ಪಟ್ಟಿ ಎಲ್ಲಿ ಇಡಬೇಕು

ಬೇಕಾಗುವುದು ಎರಡೇ ವಸ್ತು. ಉದ್ದಕ್ಕೆ ಶಾಲಾ ಮಕ್ಕಳ ಗಟ್ಟಿ ಫೂಟ್‌ಪಟ್ಟಿ, ದಪ್ಪಕ್ಕೆ ದರ್ಜಿಯ ಮೆತ್ತನೆಯ ಟೇಪು. ಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿಕೊಳ್ಳಿ: ಬಹಳಷ್ಟು ಪಟ್ಟಿಗಳಲ್ಲಿ ಸೊನ್ನೆಯ ಗೆರೆ ತುದಿಯಲ್ಲಿರುವುದಿಲ್ಲ, ಮೂರರಿಂದ ಐದು ಮಿಲಿಮೀಟರ್ ಒಳಗಿರುತ್ತದೆ. ಆ ಖಾಲಿ ಅಂಚನ್ನು ಲೆಕ್ಕಕ್ಕೆ ಕೂಡಿಸದಿದ್ದರೆ ಅಷ್ಟು ಉದ್ದ ಸುಮ್ಮನೆ ಕಳೆದುಹೋಗುತ್ತದೆ.

ಕೋಣೆ ಬೆಚ್ಚಗಿರಲಿ. ನಿಂತುಕೊಂಡು, ಶಿಶ್ನ ಪೂರ್ತಿ ಗಡಸಾದಾಗ ಅದನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಹಿಡಿಯಬೇಕು. ಪಟ್ಟಿ ಮೇಲ್ಭಾಗದಲ್ಲಿ, ಅಂದರೆ ಹೊಕ್ಕುಳ ಇರುವ ಕಡೆ ಇರಬೇಕು. ಬುಡದಲ್ಲಿ ಚರ್ಮದ ಮೇಲೆ ಸುಮ್ಮನೆ ತಾಗಿಸಿ ಇಡುವುದಲ್ಲ. ಕೊಬ್ಬಿನ ಪದರವನ್ನು ಒತ್ತಿಕೊಂಡು ಹೋಗಿ, ಒಳಗಿನ ಎಲುಬು ಪಟ್ಟಿಗೆ ಗಟ್ಟಿಯಾಗಿ ತಾಗುವ ತನಕ ಒತ್ತಬೇಕು. ಹೊಟ್ಟೆಯ ಕೆಳಗೆ, ಕೂದಲು ಬೆಳೆಯುವ ಜಾಗದ ಹಿಂದೆ ಇರುವ ಎಲುಬು ಅದು. ಅಲ್ಲಿಂದ ಶಿಶ್ನಮಣಿಯ ತುದಿಯವರೆಗೆ ಎಷ್ಟಿದೆಯೋ ಅದೇ ಉದ್ದ. ಮುಂದೊಗಲು ತುದಿಯಾಚೆ ಚಾಚಿದ್ದರೆ ಅದು ಲೆಕ್ಕಕ್ಕಿಲ್ಲ, ಹಿಂದಕ್ಕೆ ಸರಿಸಿಯೇ ಅಳೆಯಬೇಕು. ಶಿಶ್ನ ಸ್ವಲ್ಪ ಬಾಗಿದ್ದರೆ ಗಟ್ಟಿ ಪಟ್ಟಿ ಬಿಟ್ಟು ಟೇಪನ್ನು ಮೇಲ್ಮೈ ಗುಂಟ ಹಿಡಿಯಿರಿ. ದಪ್ಪಕ್ಕೆ ಟೇಪನ್ನು ನಡುಭಾಗದ ಸುತ್ತ, ಚರ್ಮಕ್ಕೆ ತಾಗುವಷ್ಟು ಮಾತ್ರ ಸುತ್ತಿದರೆ ಸಾಕು, ಬಿಗಿಯಬಾರದು.

ಗೆಳೆಯರ ನಡುವೆ ಹೇಳಿಕೊಳ್ಳುವ ಸಂಖ್ಯೆಗಳು ಸಾಮಾನ್ಯವಾಗಿ ಹೀಗೆ ಅಳೆದವಲ್ಲ. ಕೆಳಭಾಗದಿಂದ, ವೃಷಣದ ಚೀಲ ಶುರುವಾಗುವ ಕಡೆಯಿಂದ ಪಟ್ಟಿ ಇಟ್ಟರೆ ಸಂಖ್ಯೆ ತಾನಾಗಿಯೇ ಏರುತ್ತದೆ. ಅಳೆಯದೆ ಬಾಯಿ ಮಾತಿನಲ್ಲಿ ಹೇಳಿದ್ದಂತೂ ಇನ್ನೂ ಮುಂದೆ ಹೋಗುತ್ತದೆ. ಗಂಡಸರು ತಾವೇ ಅಳೆದು ಬರೆದುಕೊಟ್ಟ ಸಮೀಕ್ಷೆಗಳ ಸರಾಸರಿ, ವೈದ್ಯರು ಅಳೆದ ಸರಾಸರಿಗಿಂತ ಯಾವಾಗಲೂ ಹೆಚ್ಚೇ ಬಂದಿದೆ. ಹೀಗಾಗಿ ಈ ವಿಷಯದಲ್ಲಿ ಸ್ವಂತ ಹೇಳಿಕೆಯ ಅಂಕಿಗಳನ್ನು ಪಕ್ಕಕ್ಕಿಟ್ಟು, ವೈದ್ಯರು ಅಳೆದದ್ದನ್ನು ಮಾತ್ರ ನಂಬಬೇಕು.

ಎಲುಬಿನ ತನಕ ಒತ್ತುವುದಕ್ಕೆ ಕಾರಣ ಇದೆ. ಆ ಜಾಗದ ಕೊಬ್ಬಿನ ದಪ್ಪ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ತೂಕದ ಜೊತೆ ಏರಿಳಿಯುತ್ತದೆ. ಚರ್ಮದಿಂದ ಒಮ್ಮೆ, ಎಲುಬಿನಿಂದ ಒಮ್ಮೆ ಅಳೆದು ನೋಡಿ. ಎರಡರ ನಡುವಿನ ಅಂತರವೇ ಕೊಬ್ಬಿನೊಳಗೆ ಹೂತಿರುವ ಭಾಗ. ಹೊಟ್ಟೆ ಬಂದವರಲ್ಲಿ ಈ ಅಂತರ ಎರಡು ಮೂರು ಸೆಂಟಿಮೀಟರ್ ಇರಬಹುದು. "ಮದುವಿ ಆದಮ್ಯಾಲ ಸಣ್ಣದಾತು" ಎನ್ನುವವರಲ್ಲಿ ಹಲವರದ್ದು ಇದೇ ಕಥೆ: ಶಿಶ್ನ ಅಷ್ಟೇ ಇದೆ, ಅದರ ಬುಡದ ಸುತ್ತ ಕೊಬ್ಬು ಬೆಳೆದಿದೆ. ತೂಕ ಇಳಿಸಿದರೆ ಆ ಭಾಗ ಮತ್ತೆ ಹೊರಗೆ ಕಾಣುತ್ತದೆ. ಹಣ ಖರ್ಚಿಲ್ಲದೆ, ಅಪಾಯವಿಲ್ಲದೆ ಕಾಣುವ ಉದ್ದ ಹೆಚ್ಚುವ ದಾರಿ ಇದೊಂದೇ.

ಸಡಿಲವಾಗಿದ್ದಾಗಿನ ಅಳತೆಗೆ ಬೆಲೆಯೇ ಇಲ್ಲ ಎಂದರೂ ನಡೆಯುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನೆನೆದ ಬೆಳಗಾವಿಯ ಹುಡುಗ, ಚಳಿಗಾಲದ ಬೆಳಗ್ಗೆ ಕೂಡಲಸಂಗಮದಲ್ಲಿ ಮುಳುಗೆದ್ದ ಯಾತ್ರಿಕ, ಇಬ್ಬರದೂ ಆ ಹೊತ್ತಿಗೆ ಮುದುಡಿರುತ್ತದೆ. ಶಿಶ್ನದೊಳಗಿನ ಮತ್ತು ಚರ್ಮದಡಿಯ ನಯಸ್ನಾಯುಗಳು ಚಳಿಗೆ, ಹೆದರಿಕೆಗೆ, ದಣಿವಿಗೆ ಬಿಗಿದುಕೊಳ್ಳುತ್ತವೆ. ಅವುಗಳ ಮೇಲೆ ನಮ್ಮ ಹತೋಟಿ ಇಲ್ಲ. ವಿಜಯಪುರದ ಮೇ ತಿಂಗಳ ಮಧ್ಯಾಹ್ನ ಅದೇ ವ್ಯಕ್ತಿಯ ಶಿಶ್ನ ಜೋತು ಬಿದ್ದು ದೊಡ್ಡದಾಗಿ ಕಾಣುತ್ತದೆ. ಸೈನ್ಯದ ಭರ್ತಿಗೆ ಹೋಗುವ ನಮ್ಮ ಭಾಗದ ಹುಡುಗರಿಗೆ ಈ ಮಾತು ಬಿಡಿಸಿ ಹೇಳಲೇಬೇಕು. ಓಟ ಮುಗಿಸಿ, ಎದೆ ಹೊಡೆದುಕೊಳ್ಳುತ್ತ, ವೈದ್ಯಕೀಯ ಪರೀಕ್ಷೆಗೆ ಸಾಲಿನಲ್ಲಿ ಬಟ್ಟೆ ಬಿಚ್ಚಿ ನಿಂತಾಗ ರಕ್ತವೆಲ್ಲ ಕಾಲಿನ ಸ್ನಾಯುಗಳ ಕಡೆ ಇರುತ್ತದೆ, ಮೈಯಲ್ಲಿ ಅಡ್ರಿನಲಿನ್ ಎಂಬ ಅಂಜಿಕೆಯ ಹಾರ್ಮೋನು ತುಂಬಿರುತ್ತದೆ. ಅದು ಶಿಶ್ನ ಅತಿ ಹೆಚ್ಚು ಮುದುಡುವ ಹೊತ್ತು. ಆಗ ಪಕ್ಕದವನನ್ನು ನೋಡಿ ತನ್ನದನ್ನು ಅಳೆದುಕೊಂಡ ಹುಡುಗ ಆ ತಪ್ಪು ಲೆಕ್ಕವನ್ನು ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗುತ್ತಾನೆ. ಅಲ್ಲಿ ವೈದ್ಯರು ನೋಡುವುದು ಹರ್ನಿಯಾ, ಹೈಡ್ರೋಸಿಲ್, ಉಬ್ಬಿದ ರಕ್ತನಾಳ ಇವೆಯೇ, ಎರಡೂ ವೃಷಣ ಕೆಳಗಿಳಿದಿವೆಯೇ ಎಂದು.

ಸಡಿಲವಾಗಿದ್ದಾಗ ಚಿಕ್ಕದಿದ್ದದ್ದು ಗಡಸಾದಾಗ ಹೆಚ್ಚು ಪಾಲು ಬೆಳೆಯುತ್ತದೆ, ದೊಡ್ಡದಿದ್ದದ್ದು ಕಡಿಮೆ ಪಾಲು ಬೆಳೆಯುತ್ತದೆ. ಎಲ್ಲರಿಗೂ ಹೀಗೇ ಎಂದಲ್ಲ, ಆದರೆ ಒಟ್ಟಾರೆ ಒಲವು ಇದು. ಮೂತ್ರಿಯಲ್ಲಿ ಕಂಡ ವ್ಯತ್ಯಾಸ ಹಾಸಿಗೆಯಲ್ಲಿ ಅಷ್ಟು ಉಳಿಯುವುದಿಲ್ಲ. ಇನ್ನೊಂದು ಮಾತು, ತನ್ನದನ್ನು ತಾನು ಮೇಲಿನಿಂದ ಕೆಳಕ್ಕೆ ನೋಡುತ್ತೇವೆ, ಬೇರೆಯವರದ್ದನ್ನು ಪಕ್ಕದಿಂದ ನೋಡುತ್ತೇವೆ. ಮೇಲಿನಿಂದ ನೋಡಿದಾಗ ಯಾವುದೇ ಕೋಲು ಗಿಡ್ಡವಾಗಿಯೇ ಕಾಣುವುದು. ಆಳೆತ್ತರದ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿದವರಿಗೆ ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ವೈದ್ಯರು ಅಳೆದಾಗ ಸಿಕ್ಕ ಸಂಖ್ಯೆ

2015ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಒಂದು ದೊಡ್ಡ ಲೆಕ್ಕ ಪ್ರಕಟಿಸಿದರು. ವೈದ್ಯರು ಅಥವಾ ತರಬೇತಾದ ಸಿಬ್ಬಂದಿಯೇ ಅಳೆದ 20 ಅಧ್ಯಯನಗಳನ್ನು ಒಟ್ಟುಗೂಡಿಸಿದ್ದು ಅದು. ಗಂಡಸರ ಸಂಖ್ಯೆ 15,521. ಸಡಿಲವಾಗಿದ್ದಾಗ ಸರಾಸರಿ ಉದ್ದ 9.16 ಸೆಂ.ಮೀ., ಸಡಿಲವಾಗಿದ್ದದ್ದನ್ನು ಎಳೆದು ಅಳೆದಾಗ 13.24 ಸೆಂ.ಮೀ., ಗಡಸಾದಾಗ 13.12 ಸೆಂ.ಮೀ., ಅಂದರೆ ಐದು ಇಂಚಿಗಿಂತ ಸ್ವಲ್ಪ ಹೆಚ್ಚು. ಗಡಸಾದಾಗಿನ ಸುತ್ತಳತೆ 11.66 ಸೆಂ.ಮೀ.

ಸರಾಸರಿ ಒಂದೇ ಗೊತ್ತಿದ್ದರೆ ಉಪಯೋಗವಿಲ್ಲ. ಅದರ ಸುತ್ತ ಜನ ಎಷ್ಟು ಹರಡಿದ್ದಾರೆ ಎನ್ನುವುದೂ ಗೊತ್ತಿರಬೇಕು. ಗಡಸಾದಾಗಿನ ಉದ್ದಕ್ಕೆ ಈ ಹರವು, ಲೆಕ್ಕದ ಭಾಷೆಯಲ್ಲಿ ಪ್ರಮಾಣಿತ ವಿಚಲನೆ, 1.66 ಸೆಂ.ಮೀ. ನೂರು ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 68 ಮಂದಿ 11.5ರಿಂದ 14.8 ಸೆಂ.ಮೀ. ಒಳಗೆ ಬರುತ್ತಾರೆ. ಸುಮಾರು 95 ಮಂದಿ 9.8ರಿಂದ 16.4ರ ಒಳಗೆ. ಇದೇ ಲೆಕ್ಕ ಮುಂದುವರಿಸಿದರೆ ಏಳು ಇಂಚು ದಾಟುವವರು ಸಾವಿರಕ್ಕೆ ಇಬ್ಬರು ಮೂವರು. ಎಂಟು ಇಂಚಂತೂ ಹತ್ತು ಸಾವಿರದಲ್ಲಿ ಒಬ್ಬನಿಗೂ ಇರುವ ಸಾಧ್ಯತೆ ಕಡಿಮೆ. ಮೊಬೈಲಿನ ಅಶ್ಲೀಲ ವಿಡಿಯೋಗಳಲ್ಲಿ ಕಾಣುವುದು ಈ ಅತಿ ವಿರಳ ತುದಿಯವರನ್ನು. ದೊಡ್ಡದು ಇದ್ದವರನ್ನೇ ಆರಿಸಿ, ಕೂದಲು ತೆಗೆಸಿ, ಕ್ಯಾಮೆರಾವನ್ನು ಕೆಳಗಿನಿಂದ ಹತ್ತಿರ ಹಿಡಿದು ತೆಗೆದ ಚಿತ್ರ ಅದು. ಅದನ್ನು ನೋಡಿ ತನ್ನದನ್ನು ಅಳೆದುಕೊಂಡರೆ ನೂರಕ್ಕೆ ತೊಂಬತ್ತೊಂಬತ್ತು ಜನರಿಗೂ ಸಣ್ಣದೇ ಎಂಬ ಉತ್ತರ ಬರುತ್ತದೆ.

"ಅದು ಫಾರಿನ್ ಲೆಕ್ಕ, ನಮ್ಮ ಮಂದಿದು ಬ್ಯಾರೆ" ಎಂಬ ಮಾತು ತಕ್ಷಣ ಬರುತ್ತದೆ. ಕೇರಳದಲ್ಲಿ 301 ಗಂಡಸರನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡಸಾದಾಗಿನ ಸರಾಸರಿ 13.01 ಸೆಂ.ಮೀ. ಬಂದಿತ್ತು. ಮೇಲಿನ ಜಾಗತಿಕ ಸರಾಸರಿಗೂ ಇದಕ್ಕೂ ಒಂದು ಮಿಲಿಮೀಟರಿನ ಅಂತರ. ಆದರೆ ಅದೇ ಅಧ್ಯಯನದಲ್ಲಿ ಎಳೆದು ಅಳೆದ ಸರಾಸರಿ 10.88 ಸೆಂ.ಮೀ. ಮಾತ್ರ. ಇದನ್ನಷ್ಟೇ ಎತ್ತಿಕೊಂಡು "ಭಾರತೀಯರದ್ದು ಚಿಕ್ಕದು" ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಎಳೆದು ಅಳೆಯುವಾಗ ಎಷ್ಟು ಬಲದಿಂದ ಎಳೆದರು ಎನ್ನುವುದರ ಮೇಲೆ ಸಂಖ್ಯೆ ನಿಂತಿರುತ್ತದೆ. ಗಡಸಾದಾಗಿನ ಉದ್ದಕ್ಕೆ ಸಮ ಬರಬೇಕಾದರೆ ಸುಮಾರು 450 ಗ್ರಾಂ ಬಲ ಬೇಕು ಎಂದು ಪ್ರಯೋಗದಲ್ಲಿ ಕಂಡಿದೆ. ನೋವಾದೀತು ಎಂದು ಮೆಲ್ಲಗೆ ಎಳೆದರೆ ಅಳತೆ ಕಡಿಮೆಯೇ ಬರುವುದು. ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಗೆ ಹೋಲಿಸುವ ಮೊದಲು ಅಳೆದ ವಿಧಾನ ಒಂದೇ ಇದೆಯೇ ಎಂದು ನೋಡಲೇಬೇಕು.

ಇಲ್ಲೊಂದು ಮಿತಿಯನ್ನೂ ಹೇಳಬೇಕು. 15,521 ಜನರ ಆ ಲೆಕ್ಕದಲ್ಲಿ ಗಡಸಾದಾಗ ಅಳೆಸಿಕೊಂಡವರು 692 ಮಂದಿ ಮಾತ್ರ. ವೈದ್ಯರೆದುರು ಅಳೆಸಿಕೊಳ್ಳಲು ಒಪ್ಪುವವರಲ್ಲಿ ತಮ್ಮ ಬಗ್ಗೆ ಧೈರ್ಯ ಇದ್ದವರೇ ಹೆಚ್ಚಿರುವ ಸಂಭವ ಇದೆ. ಹಾಗಾಗಿ ನಿಜವಾದ ಸರಾಸರಿ 13ಕ್ಕಿಂತ ತುಸು ಕಡಿಮೆಯೇ ಇದ್ದೀತು, ಹೆಚ್ಚಿರಲಾರದು. ಚಿಂತೆ ಮಾಡುವವನಿಗೆ ಇದು ಇನ್ನಷ್ಟು ಸಮಾಧಾನದ ಸುದ್ದಿ.

ಎತ್ತರ, ಮೂಗು, ಕೈಬೆರಳು, ಚಪ್ಪಲಿ ನಂಬರು ನೋಡಿ ಊಹಿಸುವವರಿಗೆ: ಬೂಟಿನ ಅಳತೆಗೂ ಶಿಶ್ನದ ಉದ್ದಕ್ಕೂ ಸಂಬಂಧವಿದೆಯೇ ಎಂದು 2002ರಲ್ಲಿ ಬ್ರಿಟನ್ನಿನಲ್ಲಿ 104 ಗಂಡಸರನ್ನು ಅಳೆದು ನೋಡಿದರು. ಸಂಬಂಧ ಸಿಗಲಿಲ್ಲ. ಗರಡಿ ಮನೆಯ ಪೈಲ್ವಾನನ ತೋಳು ನೋಡಿ ಲಂಗೋಟಿಯ ಒಳಗಿನದ್ದನ್ನು ಹೇಳಲಾಗದು.

ಎಣ್ಣೆ ಹಚ್ಚಿದರೆ ಏಕೆ ಬೆಳೆಯುವುದಿಲ್ಲ

ಶಿಶ್ನದೊಳಗೆ ಎರಡು ಉದ್ದನೆಯ ಸ್ಪಂಜಿನಂಥ ಕೊಳವೆಗಳಿವೆ, ಮೂತ್ರನಾಳದ ಸುತ್ತ ಮೂರನೆಯದೊಂದಿದೆ. ಮನಸ್ಸು ಉದ್ರೇಕಗೊಂಡಾಗ ನರತುದಿಗಳಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ, ರಕ್ತನಾಳಗಳು ಸಡಿಲುತ್ತವೆ, ಸ್ಪಂಜಿನ ತುಂಬ ರಕ್ತ ನುಗ್ಗುತ್ತದೆ. ಆ ಎರಡು ಕೊಳವೆಗಳ ಸುತ್ತ ಬಿಳಿ ನಾರಿನ ಬಲವಾದ ಹೊದಿಕೆ ಇದೆ. ಸೈಕಲ್ಲಿನ ಟ್ಯೂಬಿಗೆ ಎಷ್ಟೇ ಗಾಳಿ ಹೊಡೆದರೂ ಅದು ಹೊರಗಿನ ಟಾಯರಿನಷ್ಟೇ ದೊಡ್ಡದಾಗುತ್ತದೆ ಅಲ್ಲವೇ, ಹಾಗೆಯೇ ಗಡಸಾದ ಶಿಶ್ನದ ಉದ್ದ ದಪ್ಪವನ್ನು ನಿರ್ಧರಿಸುವುದು ಈ ಹೊದಿಕೆ. ಹರೆಯದಲ್ಲಿ, ಸುಮಾರು 11-12ನೇ ವಯಸ್ಸಿನಿಂದ 17-18ರ ತನಕ, ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಪ್ರಭಾವದಲ್ಲಿ ಅದು ಬೆಳೆಯುತ್ತದೆ. ಆಮೇಲೆ ನಿಲ್ಲುತ್ತದೆ. ಚರ್ಮಕ್ಕೆ ಹಚ್ಚಿದ ಎಣ್ಣೆ ಆ ಹೊದಿಕೆಯನ್ನು ಮುಟ್ಟುವುದೂ ಇಲ್ಲ. ವ್ಯಾಯಾಮದಿಂದ ತೋಳು ಬೆಳೆಯುವಂತೆ ಬೆಳೆಯಲು ಅಲ್ಲಿ ಆ ಬಗೆಯ ಸ್ನಾಯುವೂ ಇಲ್ಲ.

ಬಸ್ ನಿಲ್ದಾಣದ ಗೋಡೆಯ ಚೀಟಿ, ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಬಂದು ಕೂರುವ "ಗುಪ್ತರೋಗ ತಜ್ಞ", ಜಾತ್ರೆಯ ಬದಿಯ ಜಡಿಬೂಟಿ ಟೆಂಟು, ಈಗ ಮೊಬೈಲಿನ ಜಾಹೀರಾತು, ಎಲ್ಲರೂ ಮಾರುವುದು ಇದೇ ಸುಳ್ಳನ್ನು. ಕಾನೂನು ಇದಕ್ಕೆ ಅವಕಾಶ ಕೊಟ್ಟಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರ ಪ್ರಕಾರ ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತದೆ ಎಂದು ಔಷಧದ ಜಾಹೀರಾತು ಕೊಡುವುದು ಅಪರಾಧ, ಮೊದಲ ಸಲವೇ ಆರು ತಿಂಗಳವರೆಗೆ ಜೈಲು ಇದೆ. 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ, ಯಾವ ಔಷಧವೂ ವಾಸಿ ಮಾಡುತ್ತೇನೆಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿಯಲ್ಲಿ, ಜನನಾಂಗದ ಗಾತ್ರ ಮತ್ತು ಆಕಾರ ಸುಧಾರಣೆಯ ಹೆಸರೂ ಇದೆ.

ಸಾಂಡಾ ಎಣ್ಣೆ ಎಂದು ಮಾರುವುದು ಮರುಭೂಮಿಯ ಮುಳ್ಳುಬಾಲದ ಹಲ್ಲಿಯ ಕೊಬ್ಬು. ಆ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಯಾವುದೇ ಜಿಡ್ಡು ಹಚ್ಚಿ ತಿಕ್ಕಿದರೂ ಆ ಹೊತ್ತಿಗೆ ರಕ್ತ ಹರಿದು ಶಿಶ್ನ ತುಸು ಉಬ್ಬುತ್ತದೆ. ಎಣ್ಣೆ ಕೆಲಸ ಮಾಡಿತು ಎಂದು ನಂಬುವುದು ಅಲ್ಲಿಯೇ. ಕೆಲವು ಎಣ್ಣೆಗಳಲ್ಲಿ ಉರಿ ಎಬ್ಬಿಸುವ ಪದಾರ್ಥ ಇರುತ್ತದೆ, ಚರ್ಮ ಕೆಂಪಾಗಿ, ಸುಲಿದು, ಮುಂದೊಗಲು ಬಾತು ಹಿಂದಕ್ಕೆ ಸರಿಯದಂತಾಗುತ್ತದೆ.

ಪುಡಿ, ಮಾತ್ರೆಗಳ ಅಪಾಯ ಬೇರೆ ಥರದ್ದು. "ಪೂರಾ ಗಿಡಮೂಲಿಕೆ" ಎಂದು ಮಾರುವ ಇಂಥ ಉತ್ಪನ್ನಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಮಾಡಿದ್ದಾರೆ. ಸಿಲ್ಡೆನಾಫಿಲ್ ಗಡಸುತನಕ್ಕೆ ಸಹಾಯ ಮಾಡುವ ಒಳ್ಳೆಯ ಔಷಧವೇ, ಆದರೆ ಅದು ಉದ್ದ ಹೆಚ್ಚಿಸುವುದಿಲ್ಲ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣ ಹೋಗಬಹುದು. ಪುಡಿಯಲ್ಲಿ ಅದು ಇದೆಯೋ ಇಲ್ಲವೋ, ಎಷ್ಟಿದೆ ಎನ್ನುವುದು ತಿನ್ನುವವನಿಗೆ ಗೊತ್ತಿರುವುದಿಲ್ಲ.

ಗಾಳಿ ಎಳೆಯುವ ಪಂಪು ಗಡಸುತನದ ತೊಂದರೆಗೆ ವೈದ್ಯರು ಹೇಳಿಕೊಡುವ ಸಾಧನ. ಅದು ರಕ್ತವನ್ನು ಒಳಗೆಳೆಯುತ್ತದೆ, ಶಾಶ್ವತ ಉದ್ದ ಕೊಡುವುದಿಲ್ಲ. ಒತ್ತಡದ ಮಿತಿ ಇಲ್ಲದ ಅಗ್ಗದ ಪಂಪಿನಿಂದ ರಕ್ತ ಹೆಪ್ಪುಗಟ್ಟಿ ಕಂದುವುದುಂಟು. ಎಳೆದು ಹಿಡಿಯುವ ಟ್ರ್ಯಾಕ್ಷನ್ ಸಾಧನವನ್ನು ದಿನಕ್ಕೆ ಹಲವು ಗಂಟೆ, ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಒಂದೆರಡು ಸೆಂಟಿಮೀಟರ್ ಹೆಚ್ಚಿದ ವರದಿಗಳಿವೆ. ಅದನ್ನು ಹೆಚ್ಚಾಗಿ ಬಳಸುವುದು ಶಿಶ್ನ ಬಾಗುವ ಪೇರೋನಿ ಕಾಯಿಲೆಯಲ್ಲಿ. ಕೈಯಿಂದ ಹಿಂಡಿ ಎಳೆಯುವ "ವ್ಯಾಯಾಮ"ವನ್ನು ಮಾತ್ರ ಮಾಡಲೇಬೇಡಿ. ನಾರಿನ ಹೊದಿಕೆ ಹರಿದು ಗಾಯ ಒಣಗಿದಲ್ಲಿ ಗಂಟಾಗಿ, ಶಿಶ್ನ ಬಾಗಿ, ಇದ್ದ ಉದ್ದವೇ ಕಡಿಮೆಯಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಶಿಶ್ನವನ್ನು ಎಲುಬಿಗೆ ಹಿಡಿದಿರುವ ತಂತುಕಟ್ಟನ್ನು ಕತ್ತರಿಸುತ್ತಾರೆ. ಒಳಗಿದ್ದ ಭಾಗ ತುಸು ಮುಂದೆ ಜಾರಿ, ಸಡಿಲವಾಗಿದ್ದಾಗ ಉದ್ದ ಕಾಣುತ್ತದೆ. ಗಡಸಾದಾಗಿನ ಉದ್ದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಿಡಿತ ತಪ್ಪಿದ್ದರಿಂದ ಅತ್ತಿತ್ತ ಓಲಾಡುತ್ತದೆ. ಉದ್ದಕ್ಕಾಗಿ ಈ ಶಸ್ತ್ರಚಿಕಿತ್ಸೆ, ದಪ್ಪಕ್ಕಾಗಿ ಕೊಬ್ಬು ಚುಚ್ಚುವುದು, ಇವೆರಡೂ ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಸಾಬೀತಾಗಿಲ್ಲ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ ಸ್ಪಷ್ಟವಾಗಿ ಹೇಳಿದೆ. ವ್ಯಾಸಲೀನ್, ಪ್ಯಾರಾಫಿನ್, ಸಿಲಿಕೋನ್ ಚುಚ್ಚಿಸಿಕೊಂಡವರಲ್ಲಿ ಚರ್ಮ ಗಂಟುಗಂಟಾಗಿ, ಕೊಳೆತು, ಕೊನೆಗೆ ಆ ಚರ್ಮವನ್ನೇ ತೆಗೆದು ತೊಡೆಯ ಚರ್ಮ ಹಾಕಬೇಕಾಗಿ ಬರುವುದುಂಟು.

ಹಸ್ತಮೈಥುನದಿಂದ ಸಣ್ಣದಾಯಿತು, ಬಾಗಿತು, ಧಾತು ಹೋಗಿ ನರ ಸತ್ತವು ಎಂಬ ಭಯವೂ ಇದರ ಜೊತೆಗೇ ಬರುತ್ತದೆ. ವೀರ್ಯ ದಿನವೂ ತಯಾರಾಗುವ ದ್ರವ, ಹೊರಗೆ ಹೋದರೂ ಹೋಗದಿದ್ದರೂ ಶಿಶ್ನದ ಅಳತೆಗೆ ಅದಕ್ಕೂ ಸಂಬಂಧವಿಲ್ಲ. ಧಾತು ನಷ್ಟದ ಈ ಭಯವನ್ನೇ ಒಂದು ಮನೋವ್ಯಾಧಿಯಾಗಿ ಗುರುತಿಸಿ, ಧಾತ್ ಸಿಂಡ್ರೋಮ್ ಎಂದು 1960ರಲ್ಲಿ ಹೆಸರಿಟ್ಟವರು ಭಾರತದ ಮನೋವೈದ್ಯ ಎನ್.ಎನ್. ವಿಗ್. ಜಿಮ್ಮಿಗೆ ಹೋಗುವ ಹುಡುಗರು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್ ಮಾತ್ರ ನಿಜವಾದ ಹಾನಿ ಮಾಡುತ್ತದೆ. ಅದು ವೃಷಣಗಳನ್ನು ಕುಗ್ಗಿಸುತ್ತದೆ, ವೀರ್ಯಾಣುಗಳನ್ನು ನಿಲ್ಲಿಸುತ್ತದೆ.

ಹೆಂಡತಿಯ ಕಡೆಯಿಂದ

2006ರಲ್ಲಿ ಪ್ರಕಟವಾದ, ಅಂತರ್ಜಾಲದ ಮೂಲಕ 52,031 ಗಂಡಸರು ಮತ್ತು ಹೆಂಗಸರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ. 85ರಷ್ಟು ಹೆಂಗಸರು ತಮ್ಮ ಸಂಗಾತಿಯ ಗಾತ್ರ ಸಾಕು ಎಂದಿದ್ದರು. ತಮ್ಮದು ಸಾಕು ಎಂದ ಗಂಡಸರು ಶೇ. 55. ಅಂದರೆ ಈ ಚಿಂತೆ ಬಹುಪಾಲು ಗಂಡಸಿನದೇ.

ದೇಹರಚನೆಯೂ ಇದನ್ನೇ ಹೇಳುತ್ತದೆ. ಉದ್ರೇಕವಿಲ್ಲದಾಗ ಯೋನಿಯ ಆಳ 7-8 ಸೆಂ.ಮೀ., ಉದ್ರೇಕಗೊಂಡಾಗ 11-12 ಸೆಂ.ಮೀ. ಆಸುಪಾಸು. ಸ್ಪರ್ಶ ಹೆಚ್ಚು ತಿಳಿಯುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ. ಬಹುಪಾಲು ಹೆಂಗಸರಿಗೆ ಸುಖದ ತುದಿ ಸಿಗುವುದು ಯೋನಿಯ ಮೇಲ್ಭಾಗದಲ್ಲಿ ಹೊರಗಿರುವ ಚಂದ್ರನಾಡಿಯ ಸ್ಪರ್ಶದಿಂದ. ಅಲ್ಲಿಗೆ ಶಿಶ್ನದ ಉದ್ದದ ಲೆಕ್ಕವೇ ಬರುವುದಿಲ್ಲ, ಬೇಕಾಗುವುದು ಕೈ, ಬಾಯಿ ಮತ್ತು ಪುರುಸೊತ್ತು. ಅವಸರಪಟ್ಟರೆ ಒದ್ದೆಯಾಗದೆ ಇಬ್ಬರಿಗೂ ನೋವು. ಮದುವೆಯ ಗದ್ದಲ, ನಿದ್ದೆಗೇಡು, ಹೊರಗೆ ಬೀಗರ ಸದ್ದು, ಇಂಥ ಮೊದಲ ರಾತ್ರಿಯಲ್ಲಿ ಅಂಜಿಕೆಯ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ಶಿಶ್ನ ಗಡಸಾಗುವುದಿಲ್ಲ. ಆಗ "ಸಣ್ಣದೈತಿ, ಅದಕ್ಕ ಆಗಲಿಲ್ಲ" ಎಂದು ಹುಡುಗ ತೀರ್ಮಾನಿಸಿಬಿಡುತ್ತಾನೆ, ಎರಡನೇ ರಾತ್ರಿ ಅದೇ ಅಂಜಿಕೆ ಇಮ್ಮಡಿಯಾಗುತ್ತದೆ. ನಾಲ್ಕಾರು ದಿನ ಸಂಭೋಗದ ಮಾತೇ ಬೇಡವೆಂದು ಇಬ್ಬರೂ ಒಪ್ಪಿಕೊಂಡು, ಮುಟ್ಟುವುದು, ಮಾತಾಡುವುದು ಇಷ್ಟಕ್ಕೇ ನಿಂತರೆ ಈ ಸುತ್ತು ಕಡಿಯುತ್ತದೆ. ಲೈಂಗಿಕ ಚಿಕಿತ್ಸೆಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಕ್ರಮ ಇದು.

ಅಳತೆ ನಿಜವಾಗಿ ಉಪಯೋಗಕ್ಕೆ ಬರುವುದು ಕಾಂಡೋಮ್ ಆರಿಸುವಾಗ. ಅಲ್ಲಿ ಬೇಕಾದದ್ದು ಉದ್ದವಲ್ಲ, ಸುತ್ತಳತೆ. ಪೊಟ್ಟಣದ ಮೇಲಿನ 49 ಅಥವಾ 53 ಮಿ.ಮೀ. ಎನ್ನುವುದು ಕಾಂಡೋಮನ್ನು ಚಪ್ಪಟೆಯಾಗಿ ಹಾಸಿದಾಗಿನ ಅಗಲ, ಅದರ ಎರಡು ಪಟ್ಟು ಅದರ ಸುತ್ತಳತೆ. 53ರದ್ದು 10.6 ಸೆಂ.ಮೀ. ಆಗುತ್ತದೆ, 11.66 ಸೆಂ.ಮೀ. ಸುತ್ತಳತೆಯವನಿಗೆ ತುಸು ಹಿಗ್ಗಿ ಸರಿಯಾಗಿ ಕೂರುತ್ತದೆ. ಸುತ್ತಳತೆ 10.5ಕ್ಕಿಂತ ಕಡಿಮೆ ಇದ್ದವರಿಗೆ ಅದು ಜಾರಬಹುದು, 49ರದ್ದು ಕೇಳಿ ಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ, ನೀರಿನ ಜೆಲ್ಲಿ ಬಳಸಬೇಕು.

ಗಡಸುತನ ಕಡಿಮೆಯಾದರೆ ಅದು ಬೇರೆ ವಿಷಯ

ಮೊದಲು ಸರಿಯಿದ್ದು ಈಗ ಪೂರ್ತಿ ಗಡಸಾಗದಿದ್ದರೆ ಉದ್ದವೂ ಕಡಿಮೆ ಕಾಣುತ್ತದೆ. ನಲವತ್ತು ದಾಟಿದವರು "ಸಣ್ಣದಾತು" ಎಂದಾಗ ನಾವು ಮೊದಲು ಕೇಳುವುದು ಬೆಳಗಿನ ಜಾವದ ಬಗ್ಗೆ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ಮೂರರಿಂದ ಐದು ಸಲ ಶಿಶ್ನ ತಾನಾಗಿ ನಿಮಿರುತ್ತದೆ. ಎಚ್ಚರವಾದಾಗ ಗಡಸಾಗಿದ್ದು, ಹೆಂಡತಿಯ ಜೊತೆ ಮಾತ್ರ ಆಗುತ್ತಿಲ್ಲ ಎಂದರೆ ಕಾರಣ ಹೆಚ್ಚಾಗಿ ಮನಸ್ಸಿನದು. ಬೆಳಿಗ್ಗೆಯೂ ಇಲ್ಲವೆಂದರೆ ರಕ್ತನಾಳ, ನರ, ಹಾರ್ಮೋನುಗಳನ್ನು ಪರೀಕ್ಷಿಸಬೇಕು. ಶಿಶ್ನದ ರಕ್ತನಾಳದ ವ್ಯಾಸ 1-2 ಮಿ.ಮೀ., ಹೃದಯದ ರಕ್ತನಾಳದ್ದು 3-4 ಮಿ.ಮೀ. ಕೊಬ್ಬು ಕಟ್ಟಿಕೊಂಡಾಗ ಸಣ್ಣ ನಾಳ ಮೊದಲು ಮುಚ್ಚುತ್ತದೆ. ಗಡಸುತನದ ತೊಂದರೆ ಹೃದಯದ ತೊಂದರೆಗಿಂತ ಎರಡರಿಂದ ಐದು ವರ್ಷ ಮೊದಲೇ ಕಾಣಿಸಿಕೊಳ್ಳಬಲ್ಲದು. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯ ಲಕ್ಷಣ. ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸಿ. ಬೀಡಿ, ಸಿಗರೇಟು, ಗುಟಕಾ ಬಿಡದೆ ಯಾವ ಮಾತ್ರೆಯೂ ಪೂರ್ತಿ ಫಲ ಕೊಡುವುದಿಲ್ಲ. ಎಣ್ಣೆ ತಿಕ್ಕುತ್ತ ವರ್ಷ ಕಳೆದವರು ಹಾಳು ಮಾಡಿಕೊಳ್ಳುವುದು ಈ ಪರೀಕ್ಷೆಗಳಿಗೆ ಸಿಗಬೇಕಿದ್ದ ಸಮಯವನ್ನು.

ನಿಜವಾಗಿ ಚಿಕ್ಕದು ಎಂದು ಹೇಳುವುದು ಯಾವಾಗ

ಸರಾಸರಿಗಿಂತ ಎರಡೂವರೆ ಪ್ರಮಾಣಿತ ವಿಚಲನೆಯಷ್ಟು ಕೆಳಗಿದ್ದರೆ ವೈದ್ಯರು ಸೂಕ್ಷ್ಮ ಶಿಶ್ನ ಎನ್ನುತ್ತಾರೆ. ವಯಸ್ಕರಲ್ಲಿ ಸಾಮಾನ್ಯವಾಗಿ ಬಳಸುವ ಗಡಿ ಎಳೆದಾಗಿನ ಉದ್ದ 9.3 ಸೆಂ.ಮೀ. ಇದು ಕಾರಣ ಹುಡುಕಲು ಇಟ್ಟುಕೊಂಡ ಗೆರೆ, ಸಂಸಾರಕ್ಕೆ ಸಾಲದು ಎಂಬ ಗೆರೆಯಲ್ಲ. ಉದ್ದದ ಜೊತೆಗೆ ಗಡ್ಡ ಮೀಸೆ ಬಾರದಿರುವುದು, ವೃಷಣಗಳು ಚಿಕ್ಕದಾಗಿ ಗಟ್ಟಿಯಾಗಿರುವುದು, ಎದೆ ಬೆಳೆದಿರುವುದು, ವಾಸನೆ ತಿಳಿಯದಿರುವುದು ಇವುಗಳಲ್ಲಿ ಏನಾದರೂ ಇದ್ದರೆ ಬೆಳಿಗ್ಗೆ 8ರಿಂದ 10ರೊಳಗೆ ಟೆಸ್ಟೋಸ್ಟಿರಾನ್ ರಕ್ತ ಪರೀಕ್ಷೆ ಮಾಡಿಸಬೇಕು. ಮಧ್ಯಾಹ್ನದ ಹೊತ್ತಿಗೆ ಅದರ ಮಟ್ಟ ತಾನಾಗಿಯೇ ಇಳಿದಿರುತ್ತದೆ, ತಪ್ಪು ಅಂಕಿ ಬರುತ್ತದೆ.

ಮಕ್ಕಳ ವಿಷಯದಲ್ಲಿ ತಡ ಮಾಡಬಾರದು. ನವಜಾತ ಗಂಡು ಮಗುವಿನದ್ದು ಎಳೆದಾಗ 2.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಶೈಶವದಲ್ಲಿಯೇ ಸ್ವಲ್ಪ ದಿನ ಟೆಸ್ಟೋಸ್ಟಿರಾನ್ ಕೊಟ್ಟರೆ ಬೆಳೆಯುತ್ತದೆ, ದೊಡ್ಡವನಾದ ಮೇಲೆ ಅದೇ ಔಷಧ ಉದ್ದಕ್ಕೆ ಕೆಲಸ ಮಾಡುವುದಿಲ್ಲ. ಆರು ತಿಂಗಳಾದರೂ ವೃಷಣ ಚೀಲಕ್ಕಿಳಿಯದಿದ್ದರೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಹತ್ತು ಹನ್ನೆರಡು ವರ್ಷದ ದಪ್ಪ ಹುಡುಗನದ್ದು ಕಾಣುವುದೇ ಇಲ್ಲವೆಂದು ಅಜ್ಜಿ, ಅತ್ತೆಯರು ಅವನೆದುರೇ ಆಡಿಕೊಳ್ಳುವುದುಂಟು. ಒತ್ತಿ ನೋಡಿದರೆ ಕೊಬ್ಬಿನೊಳಗೆ ಸರಿಯಾದ ಅಳತೆಯದ್ದೇ ಇರುತ್ತದೆ. ಆ ಮಾತು ಹುಡುಗನ ಮನಸ್ಸಿನಿಂದ ಹೋಗುವುದಿಲ್ಲ, ದಯವಿಟ್ಟು ಆಡಬೇಡಿ.

ಅಳತೆ ಸರಿಯಿದೆ ಎಂದು ವೈದ್ಯರು ತೋರಿಸಿಕೊಟ್ಟ ಮೇಲೂ ದಿನಕ್ಕೆ ಗಂಟೆಗಿಂತ ಹೆಚ್ಚು ಅದೇ ಯೋಚನೆ, ಮತ್ತೆ ಮತ್ತೆ ಅಳೆಯುವುದು, ಮದುವೆಯನ್ನೇ ಬೇಡವೆನ್ನುವುದು ನಡೆದಿದ್ದರೆ ಅದು ದೇಹದ ರೂಪದ ಬಗೆಗಿನ ಗೀಳು. ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ, ಎರಡರಿಂದಲೂ ಅದು ತಗ್ಗುತ್ತದೆ.

ತೋರಿಸುವುದು ಎಲ್ಲಿ? ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಕಾಯಿಲೆ ಹೇಳಬೇಕಿಲ್ಲ, "ಯುರಾಲಜಿ" ಅಥವಾ "ಸ್ಕಿನ್" ಎಂದರೆ ಸಾಕು. ಒಳಗೆ ವೈದ್ಯರ ಮುಂದೆ ಮಾತ್ರ ಟಾನಿಕ್ಕಿನ ಸುತ್ತು ಬಳಸದೆ "ಅಳತಿ ಬಗ್ಗೆ ಚಿಂತಿ ಐತ್ರಿ, ಒಮ್ಮಿ ನೋಡ್ರಿ" ಎನ್ನಿ. ಬಾಗಿಲು ಮುಚ್ಚಿ, ಪರದೆ ಎಳೆದು, ವೃಷಣ, ಮುಂದೊಗಲು, ಉದ್ದ ಎಲ್ಲ ನೋಡಲು ಐದು ನಿಮಿಷವೂ ಬೇಡ. ಅಷ್ಟು ದೂರ ಹೋಗಲು ಇನ್ನೂ ಧೈರ್ಯ ಸಾಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.